ಸಹವಾಸದಿಂದ ಸಿಕ್ಕಿಬಿದ್ದ ಜೀನ್

ಸಹವಾಸದೋಷದಿಂದ ಸನ್ಯಾಸಿ ಕೆಟ್ಟ ಅಂತ ನಮ್ಮಲ್ಲೊಂದು ಗಾದೆ ಇದೆಯಲ್ಲ, ಅದನ್ನೇ ನಂಬಿಕೊಂಡು ಕೆಲಸ ಮಾಡುವ ವಿಜ್ಞಾನಿಗಳಿದ್ದಾರೆ. ಒಂದು ಜೀನ್ ಏನು ಕೆಲಸ ಮಾಡುತ್ತೆ ಅಂತ ಗೊತ್ತಿಲ್ಲವಾ? ಅದು ಯಾವ ಯಾವ ಜೀನ್‌ಗಳ ಜೊತೆ ತಿರುಗಾಡುತ್ತೆ ನೋಡಿ, ಅಲ್ಲಿಗೆ ಅರ್ಧ ಗೊತ್ತಾಯಿತು ಅನ್ನುತ್ತಾರೆ ಅವರು. ಕೋರ್ಟಿನಲ್ಲಿ ಇಂಥ ವಾದ ನಿಲ್ಲೋದಿಲ್ಲ ಬಿಡಿ. ಆದರೆ ಕಳೆದ ಇಪ್ಪತ್ತೈದು ವರ್ಷಗಳಿಂದ ಇದೇ ವಾದ ಹಿಡಿದುಕೊಂಡು ಕಾಯಿಲೆಗಳ ಹಿಂದಿರುವ ಜೀನ್‌ಗಳನ್ನು ಹುಡುಕುತ್ತಿದ್ದಾರೆ. ಕೆಲವು ಸಲ ನಿಜವಾದ ಕಳ್ಳ ಸಿಕ್ಕಿದ್ದಾನೆ. ಕೆಲವು ಸಲ ದಾರಿಹೋಕರನ್ನು ಹಿಡಿದು ತಂದದ್ದೂ ಇದೆ. ಆ ಕಥೆಯನ್ನು ಇವತ್ತು ಹೇಳೋಣ ಅಂತ.

ನಾನು ಓದಿದ್ದು ಎಂಜಿನಿಯರಿಂಗ್, ಮಾಡುವುದು ಸಾಫ್ಟ್‌ವೇರ್ ಕೆಲಸ. ಬಯಾಲಜಿಗೆ ಪಿಯುಸಿ ಮುಗಿದ ದಿನವೇ ಕೈ ಮುಗಿದವನು. ಆದರೂ ಈ ಕಥೆ ಹಿಡಿಸಿತು. ಯಾಕೆಂದರೆ ಇದರಲ್ಲಿ ಬರುವ ಅರ್ಧ ಜನ ನಮ್ಮಂಥವರೇ. ಪ್ರೋಗ್ರಾಂ ಬರೆಯುವವರು, ಗಣಿತ ಓದಿದವರು, ಬೇರೆಯವರ ಡೇಟಾ ಇಟ್ಟುಕೊಂಡು ಕೆದಕುವವರು.

ಮೊದಲು ಒಂಚೂರು ಪಾಠ, ಬೇಸರ ಮಾಡಿಕೊಳ್ಳಬೇಡಿ.

ನಮ್ಮ ದೇಹದ ಹೆಚ್ಚುಕಡಿಮೆ ಎಲ್ಲ ಜೀವಕೋಶಗಳಲ್ಲೂ ಇರುವ ಡಿಎನ್‌ಎ ಒಂದೇ. ಅದರಲ್ಲಿ ಪ್ರೋಟೀನ್ ಮಾಡುವ ಸೂಚನೆಗಳು, ಅಂದರೆ ಜೀನ್‌ಗಳು, ಸುಮಾರು 20,000 ಇವೆ. ಆದರೆ ಲಿವರ್‌ನ ಕೋಶಕ್ಕೆ ಬೇಕಾದ್ದು ಮೆದುಳಿನ ಕೋಶಕ್ಕೆ ಬೇಡ. ಹಾಗಾಗಿ ಪ್ರತಿ ಕೋಶವೂ ತನಗೆ ಬೇಕಾದ ಜೀನ್‌ಗಳನ್ನು ಮಾತ್ರ, ಬೇಕಾದಷ್ಟು ಮಾತ್ರ, ಆರ್‌ಎನ್‌ಎ ರೂಪದಲ್ಲಿ ನಕಲು ಮಾಡಿಕೊಳ್ಳುತ್ತದೆ. ಒಂದು ಜೀನ್‌ನ ನಕಲು ಎಷ್ಟಿದೆ ಅನ್ನುವುದಕ್ಕೆ 'ಎಕ್ಸ್‌ಪ್ರೆಷನ್' ಅನ್ನುತ್ತಾರೆ. ಎರಡು ಜೀನ್‌ಗಳ ನಕಲು ಒಟ್ಟಿಗೇ ಏರಿ ಒಟ್ಟಿಗೇ ಇಳಿದರೆ ಅದು 'ಕೋ-ಎಕ್ಸ್‌ಪ್ರೆಷನ್'.

ಊರಿನ ದಿನಸಿ ಅಂಗಡಿಯಲ್ಲಿ ಕೂತು ಗಿರಾಕಿಗಳ ಚೀಟಿ ನೋಡುತ್ತಿದ್ದೀರಿ ಅಂದುಕೊಳ್ಳಿ. ನಿಮಗೆ ಅಡುಗೆ ಬರಲ್ಲ, ದೋಸೆ ಅಂದರೇನು ಅಂತಲೂ ಗೊತ್ತಿಲ್ಲ. ಆದರೂ ಒಂದು ಸಾವಿರ ಚೀಟಿ ನೋಡಿದ ಮೇಲೆ ಒಂದು ವಿಷಯ ಕಣ್ಣಿಗೆ ಬೀಳುತ್ತೆ. ಅಕ್ಕಿ ಜಾಸ್ತಿ ಇರುವ ಚೀಟಿಯಲ್ಲಿ ಉದ್ದಿನಬೇಳೆಯೂ ಜಾಸ್ತಿ, ಜೊತೆಗೆ ಒಂದಿಷ್ಟು ಮೆಂತ್ಯ. ಇವು ಮೂರೂ ಸೇರಿ ಏನೋ ಒಂದು ಆಗುತ್ತೆ ಅಂತ ನಿಮಗೆ ಅನ್ನಿಸುತ್ತೆ. ಇನ್ನು ನೀವು ಹೆಸರೇ ಕೇಳಿರದ ಸಾಮಾನೊಂದು ಅದೇ ಚೀಟಿಗಳಲ್ಲಿ, ಅದೇ ಲೆಕ್ಕದಲ್ಲಿ ಹೆಚ್ಚುಕಡಿಮೆ ಆಗುತ್ತಿದ್ದರೆ ಅದೂ ಆ ತಿಂಡಿಗೇ ಸಂಬಂಧಪಟ್ಟಿದ್ದು ಅಂತ ಊಹಿಸಬಹುದು. ಇಲ್ಲಿ ಒಂದೊಂದು ಚೀಟಿ ಅಂದರೆ ಒಂದೊಂದು ಅಂಗಾಂಶದ ಸ್ಯಾಂಪಲ್. ಒಂದೊಂದು ಸಾಮಾನು ಅಂದರೆ ಒಂದೊಂದು ಜೀನ್. ಈ ಚೀಟಿ ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬೇಕಾಗುತ್ತೆ.

* * *

ಹೀಗೆ ಮಾಡಬೇಕಾದರೆ ಮೊದಲು ಚೀಟಿಗಳು ಬೇಕಲ್ಲ. 1990ರ ದಶಕದ ಮೊದಲ ಅರ್ಧದವರೆಗೂ ವಿಜ್ಞಾನಿಗಳು ಸಾಮಾನ್ಯವಾಗಿ ಒಂದು ಸಲಕ್ಕೆ ಬೆರಳೆಣಿಕೆಯಷ್ಟು ಜೀನ್‌ಗಳನ್ನು ಅಳೆಯುತ್ತಿದ್ದರು. ಅಂದರೆ ಚೀಟಿಯಲ್ಲಿ ಒಂದೋ ಎರಡೋ ಸಾಮಾನು ಮಾತ್ರ ಓದಲು ಬರುತ್ತಿತ್ತು.

1995ರಲ್ಲಿ ಸ್ಟ್ಯಾನ್‌ಫರ್ಡ್‌ನ ಪ್ಯಾಟ್ರಿಕ್ ಬ್ರೌನ್ ಅವರ ಗುಂಪು 'ಸೈನ್ಸ್' ಪತ್ರಿಕೆಯಲ್ಲಿ ಒಂದು ಪ್ರಬಂಧ ಪ್ರಕಟಿಸಿತು. ಗಾಜಿನ ಪಟ್ಟಿಯ ಮೇಲೆ ರೋಬೋಟ್ ಕೈಯಿಂದ ಡಿಎನ್‌ಎಯ ಸಣ್ಣ ಸಣ್ಣ ಚುಕ್ಕಿ ಇಡುವುದು, ಒಂದು ಚುಕ್ಕಿಗೆ ಒಂದು ಜೀನ್. ಕೋಶದಿಂದ ತೆಗೆದ ಆರ್‌ಎನ್‌ಎಗೆ ಹೊಳೆಯುವ ಬಣ್ಣ ಕಟ್ಟಿ ಮೇಲೆ ಸುರಿದರೆ, ಯಾವ ಜೀನ್‌ನ ನಕಲು ಜಾಸ್ತಿ ಇದೆಯೋ ಆ ಚುಕ್ಕಿ ಜಾಸ್ತಿ ಹೊಳೆಯುತ್ತೆ. ಇದೇ ಮೈಕ್ರೋಅರೇ. ಆ ಮೊದಲ ಪ್ರಬಂಧದಲ್ಲಿದ್ದದ್ದು ಅರಾಬಿಡಾಪ್ಸಿಸ್ ಅನ್ನುವ ಪುಟ್ಟ ಗಿಡದ 45 ಜೀನ್‌ಗಳು ಮಾತ್ರ. ಎರಡೇ ವರ್ಷಕ್ಕೆ, 1997ರಲ್ಲಿ, ಅದೇ ಗುಂಪಿನ ಜೋ ಡಿರೀಸಿ ಮತ್ತು ವಿಶ್ವನಾಥ್ ಅಯ್ಯರ್ ಸೇರಿಕೊಂಡು ಯೀಸ್ಟ್‌ನ ಬಹುತೇಕ ಎಲ್ಲ ಜೀನ್‌ಗಳನ್ನೂ, ಅಂದರೆ ಸುಮಾರು 6,400ನ್ನು, ಒಂದೇ ಪಟ್ಟಿಯ ಮೇಲೆ ಕೂರಿಸಿದರು. ಸಕ್ಕರೆ ತಿಂದು ಆಲ್ಕೋಹಾಲ್ ಮಾಡುತ್ತಿದ್ದ ಯೀಸ್ಟ್, ಸಕ್ಕರೆ ಖಾಲಿಯಾದಾಗ ಅದೇ ಆಲ್ಕೋಹಾಲನ್ನು ಉರಿಸಿ ಬದುಕಲು ಶುರುಮಾಡುತ್ತದೆ. ಆ ಬದಲಾವಣೆಯ ಹೊತ್ತಿನಲ್ಲಿ ಯಾವ ಜೀನ್ ಏರಿತು, ಯಾವುದು ಇಳಿಯಿತು ಅನ್ನುವುದನ್ನು ಎರಡೆರಡು ಗಂಟೆಗೊಮ್ಮೆ ನೋಡಿದರು.

ನನಗೆ ಇಷ್ಟವಾದ ವಿಷಯ ಇನ್ನೊಂದು. ಬ್ರೌನ್ ಅವರ ಲ್ಯಾಬ್ ಆ ರೋಬೋಟನ್ನು ನೀವೇ ಕಟ್ಟಿಕೊಳ್ಳುವುದು ಹೇಗೆ ಅಂತ ಪೂರ್ತಿ ಕೈಪಿಡಿಯನ್ನೇ ಇಂಟರ್‌ನೆಟ್ಟಿಗೆ ಹಾಕಿಬಿಟ್ಟಿತು. ಯಾವ ಭಾಗ ಬೇಕು, ಹೇಗೆ ಜೋಡಿಸಬೇಕು ಎಲ್ಲ. ನಾವು ಓಪನ್ ಸೋರ್ಸ್ ಅಂತ ಎದೆ ತಟ್ಟಿಕೊಳ್ಳುತ್ತೀವಲ್ಲ, ಇವರು ಯಂತ್ರವನ್ನೇ ಓಪನ್ ಮಾಡಿದ್ದರು!

ಈಗ ಚೀಟಿಗಳು ಬಂದವು. ಆದರೆ ಆರು ಸಾವಿರ ಸಾಲು, ಹತ್ತಾರು ಕಾಲಂ ಇರುವ ಟೇಬಲ್ಲನ್ನು ಕಣ್ಣಿನಲ್ಲಿ ಓದುವುದು ಹೇಗೆ? 1998ರ ಡಿಸೆಂಬರ್‌ನಲ್ಲಿ ಮೈಕೆಲ್ ಐಸೆನ್, ಪಾಲ್ ಸ್ಪೆಲ್‌ಮನ್, ಬ್ರೌನ್ ಮತ್ತು ಡೇವಿಡ್ ಬಾಟ್‌ಸ್ಟೀನ್ ಇದಕ್ಕೊಂದು ಸರಳ ಉಪಾಯ ಕೊಟ್ಟರು. ಪ್ರತಿ ಎರಡು ಜೀನ್‌ಗಳ ನಡುವೆ ಕೋರಿಲೇಷನ್ ಲೆಕ್ಕ ಹಾಕು (ಎಂಜಿನಿಯರಿಂಗ್ ಗಣಿತದಲ್ಲಿ ಪಾಸಾಗಲು ಬಾಯಿಪಾಠ ಮಾಡಿದೆವಲ್ಲ, ಅದೇ). ಹೆಚ್ಚು ಹೋಲುವುದನ್ನು ಪಕ್ಕಪಕ್ಕ ಇಡು. ಏರಿದ್ದಕ್ಕೆ ಕೆಂಪು, ಇಳಿದಿದ್ದಕ್ಕೆ ಹಸಿರು ಬಣ್ಣ ಕೊಡು. ಅಷ್ಟೇ. ಹಾಗೆ ಜೋಡಿಸಿ ನೋಡಿದರೆ ಒಂದೇ ಕೆಲಸ ಮಾಡುವ ಜೀನ್‌ಗಳು ತಾವಾಗಿಯೇ ಒಂದು ಕಡೆ ಗುಂಪುಗೂಡಿದ್ದವು. ಯಾವ ಜೀನ್ ಏನು ಮಾಡುತ್ತೆ ಅಂತ ಪ್ರೋಗ್ರಾಂಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಆ ಗುಂಪಿನ ನಡುವೆ ಹೆಸರಿಲ್ಲದ ಜೀನ್ ಒಂದು ಕೂತಿದ್ದರೆ ಅದೂ ಆ ಕುಟುಂಬದ್ದೇ ಇರಬೇಕು ಅನ್ನುವ ಅನುಮಾನ ಸಹಜವಾಗಿ ಬಂತು.

ಯೀಸ್ಟ್‌ನಲ್ಲಿ ಸರಿ. ಆದರೆ ಮನುಷ್ಯರ ಕಾಯಿಲೆಗೆ ಇದರಿಂದ ಏನು ಉಪಯೋಗ?

* * *

ಇದಕ್ಕೆ ಉತ್ತರ ಸಿಕ್ಕಿದ್ದು ಕೆನಡಾದ ಕ್ವಿಬೆಕ್ ಪ್ರಾಂತ್ಯದ ಉತ್ತರಕ್ಕಿರುವ ಸಾಗುನೇ-ಲ್ಯಾಕ್-ಸೇಂಟ್-ಜಾನ್ ಅನ್ನುವ ಸೀಮೆಯಿಂದ. 19ನೇ ಶತಮಾನದಲ್ಲಿ ಫ್ರೆಂಚ್ ಮಾತನಾಡುವ ಕೆಲವೇ ಕುಟುಂಬಗಳು ಹೋಗಿ ನೆಲೆಸಿದ ಜಾಗ ಅದು. ಕುಟುಂಬಗಳು ದೊಡ್ಡವು, ಹೊರಗಿನಿಂದ ಬರುವವರು ಕಡಿಮೆ. ಹಾಗಾಗಿ ಮೊದಲು ಬಂದವರಲ್ಲಿ ಒಬ್ಬಿಬ್ಬರ ಬಳಿ ಇದ್ದ ಜೀನ್ ದೋಷ ಕೆಲವು ತಲೆಮಾರಿನಲ್ಲೇ ಸೀಮೆಯಿಡೀ ಹರಡಿತು.

ಅಲ್ಲಿ ಕೆಲವು ಮಕ್ಕಳಿಗೆ ಒಂದು ಭಯಂಕರ ಕಾಯಿಲೆ ಬರುತ್ತಿತ್ತು. ಮಗುವಿನ ಸ್ನಾಯುಗಳಲ್ಲಿ ಬಿಗಿ ಇಲ್ಲ, ಬೆಳವಣಿಗೆ ನಿಧಾನ. ಸಣ್ಣ ಜ್ವರವೋ ಇನ್ನೇನೋ ಬಂದರೆ ರಕ್ತದಲ್ಲಿ ಲ್ಯಾಕ್ಟಿಕ್ ಆಮ್ಲ ಇದ್ದಕ್ಕಿದ್ದಂತೆ ಏರಿ ಮಗು ಕುಸಿದುಬೀಳುತ್ತಿತ್ತು. ಎಷ್ಟೋ ಮಕ್ಕಳು ಶಾಲೆಯ ಮೆಟ್ಟಿಲು ಹತ್ತುವ ಮೊದಲೇ ತೀರಿಹೋಗುತ್ತಿದ್ದರು. ಕಾಯಿಲೆಯ ಹೆಸರು ಲೇ ಸಿಂಡ್ರೋಮ್, ಫ್ರೆಂಚ್-ಕೆನೆಡಿಯನ್ ಬಗೆ. ಆ ಸೀಮೆಯಲ್ಲಿ ಸುಮಾರು 23 ಜನರಲ್ಲಿ ಒಬ್ಬರಲ್ಲಿ ಈ ದೋಷದ ಒಂದು ಪ್ರತಿ ಇರುತ್ತದೆ. ಒಂದು ಪ್ರತಿ ಇದ್ದವರಿಗೆ ಏನೂ ತೊಂದರೆಯಿಲ್ಲ. ಅಂಥ ಇಬ್ಬರು ಮದುವೆಯಾದರೆ ಅವರ ಪ್ರತಿ ಮಗುವಿಗೂ ನಾಲ್ಕರಲ್ಲಿ ಒಂದು ಪಾಲು ಅಪಾಯ. 23 ಗುಣಿಸು 23 ಗುಣಿಸು 4, ಅಂದರೆ 2,116. ಎರಡು ಸಾವಿರ ಚಿಲ್ಲರೆ ಮಕ್ಕಳಲ್ಲಿ ಒಂದು ಮಗು.

ಅಲ್ಲಿನ ಪಿಯೆರ್ ಲವಾ ಅನ್ನುವ ಅಪ್ಪ ಇದೇ ಕಾಯಿಲೆಗೆ ಇಬ್ಬರು ಮಕ್ಕಳನ್ನು ಕಳೆದುಕೊಂಡವರು. 1999ರಲ್ಲಿ ಅವರು ಜನರಿಗೆ ವಿಷಯ ತಿಳಿಯಲಿ, ಸಂಶೋಧನೆಗೆ ಹಣ ಬರಲಿ ಅಂತ ಆ ಸೀಮೆಯಲ್ಲಿ ಸೈಕಲ್ ಮೇಲೆ 650 ಕಿಲೋಮೀಟರ್ ಓಡಿದರು. ಅವರ ಹೆಸರು ಕ್ವಿಬೆಕ್‌ನಲ್ಲಿ ಮನೆಮಾತು.

ಕಾಯಿಲೆ ಎಲ್ಲಿ ಪೆಟ್ಟು ಕೊಡುತ್ತೆ ಅಂತ ವೈದ್ಯರಿಗೆ ಗೊತ್ತಿತ್ತು. ನಮ್ಮ ಕೋಶಗಳ ಒಳಗೆ ಶಕ್ತಿ ತಯಾರಿಸುವ ಮೈಟೋಕಾಂಡ್ರಿಯಾ ಇದೆಯಲ್ಲ, ಅದರಲ್ಲಿ ಆಮ್ಲಜನಕವನ್ನು ಬಳಸಿಕೊಳ್ಳುವ ಕೊನೆಯ ಹಂತದ ಕಿಣ್ವವೊಂದು (ಸೈಟೋಕ್ರೋಮ್ ಸಿ ಆಕ್ಸಿಡೇಸ್) ಈ ಮಕ್ಕಳಲ್ಲಿ ಸರಿಯಾಗಿ ಇರುತ್ತಿರಲಿಲ್ಲ. 2001ರಲ್ಲಿ ಕುಟುಂಬಗಳ ಡಿಎನ್‌ಎ ಹೋಲಿಸಿ, ದೋಷ 2ನೇ ಕ್ರೋಮೋಸೋಮಿನ ಒಂದು ತುಂಡಿನಲ್ಲಿದೆ ಅಂತಲೂ ಕಂಡುಹಿಡಿದರು. ಅಂದರೆ ಕಳ್ಳ ಇರುವ ಬೀದಿ ಗೊತ್ತಾಯಿತು. ಮನೆ ಗೊತ್ತಾಗಲಿಲ್ಲ. ಆ ಬೀದಿಯಲ್ಲಿ ಹತ್ತಾರು ಜೀನ್‌ಗಳಿದ್ದವು, ಎಷ್ಟೋ ಜೀನ್‌ಗಳ ಕೆಲಸ ಏನೆಂದೇ ಗೊತ್ತಿರಲಿಲ್ಲ. ಒಂದೊಂದನ್ನೇ ಎಲ್ಲ ರೋಗಿಗಳಲ್ಲಿ ಓದುತ್ತಾ ಹೋಗುವುದು ಆ ಕಾಲಕ್ಕೆ ದುಬಾರಿ ಕೆಲಸ, ನಿಧಾನದ ಕೆಲಸ.

ಇಲ್ಲಿಗೆ ಬರುತ್ತಾರೆ ವಂಶಿ ಮೂಥಾ. ಆಂಧ್ರ ಮೂಲದ ಅಮೆರಿಕದ ವೈದ್ಯ-ವಿಜ್ಞಾನಿ. ಸ್ಟ್ಯಾನ್‌ಫರ್ಡ್‌ನಲ್ಲಿ ಓದಿದ್ದು ಗಣಿತ ಮತ್ತು ಕಂಪ್ಯೂಟೇಶನಲ್ ಸೈನ್ಸ್, ಆಮೇಲೆ ವೈದ್ಯಕೀಯ. (2014ರಲ್ಲಿ ಭಾರತ ಸರ್ಕಾರ ಇವರಿಗೆ ಪದ್ಮಶ್ರೀ ಕೊಟ್ಟಿತು.) ಆಗ ಅವರು ಬಾಸ್ಟನ್ ಪಕ್ಕದ ವೈಟ್‌ಹೆಡ್ ಸಂಸ್ಥೆಯಲ್ಲಿ ಎರಿಕ್ ಲ್ಯಾಂಡರ್ ಅವರ ಜೊತೆಗಿದ್ದರು. ಮೂಥಾ ಮತ್ತು ಸಂಗಡಿಗರು ಕೇಳಿದ ಪ್ರಶ್ನೆ ತುಂಬ ಸರಳ. ಕಾಯಿಲೆ ಮೈಟೋಕಾಂಡ್ರಿಯಾದ್ದು ತಾನೇ? ಹಾಗಾದರೆ ಆ ಬೀದಿಯ ಜೀನ್‌ಗಳಲ್ಲಿ ಮೈಟೋಕಾಂಡ್ರಿಯಾದ ಜೀನ್‌ಗಳ ಸಹವಾಸ ಮಾಡುವುದು ಯಾವುದು?

ಅಷ್ಟು ಹೊತ್ತಿಗೆ ಇಲಿ ಮತ್ತು ಮನುಷ್ಯರ ಬೇರೆ ಬೇರೆ ಅಂಗಗಳ ಎಕ್ಸ್‌ಪ್ರೆಷನ್ ಅಳತೆಗಳು ಸಾರ್ವಜನಿಕವಾಗಿ ಸಿಗುತ್ತಿದ್ದವು. ಯಾರ ಲೇ ಸಿಂಡ್ರೋಮ್‌ಗೂ ಸಂಬಂಧವಿಲ್ಲದ ಅಳತೆಗಳು. ಅವನ್ನು ತೆಗೆದುಕೊಂಡು, ಬೀದಿಯ ಪ್ರತಿ ಜೀನ್‌ಗೂ ಅದರ ಜೊತೆ ಅತಿ ಹೆಚ್ಚು ಏರಿಳಿಯುವ ಜೀನ್‌ಗಳ ಪಟ್ಟಿ ಮಾಡಿದರು. ಆ ಪಟ್ಟಿಯಲ್ಲಿ ಈಗಾಗಲೇ ಮೈಟೋಕಾಂಡ್ರಿಯಾದ್ದು ಅಂತ ಗೊತ್ತಿರುವವು ಎಷ್ಟಿವೆ ಅಂತ ಎಣಿಸಿದರು. ನಾವು ನಿಯರೆಸ್ಟ್ ನೇಬರ್ ಅನ್ನುತ್ತೀವಲ್ಲ, ಅದೇ ಜಾತಿಯ ಲೆಕ್ಕ. ಕೋಡ್ ಬರೆದರೆ ಒಂದು ಪುಟ ಆಗಬಹುದೇನೋ.

ಒಂದು ಹೆಸರು ಮೇಲೆದ್ದು ಬಂತು: ಎಲ್‌ಆರ್‌ಪಿಪಿಆರ್‌ಸಿ. ಆ ಪ್ರೋಟೀನ್ ಹಿಂದೆ ಲಿವರ್ ಕ್ಯಾನ್ಸರಿನ ಕೋಶಗಳಲ್ಲಿ ಸಿಕ್ಕಿದ್ದು, ಕೆಲಸ ಏನೆಂದು ಸ್ಪಷ್ಟವಿರಲಿಲ್ಲ. ಆದರೆ ಅದರ ನೆಂಟರೆಲ್ಲ ಮೈಟೋಕಾಂಡ್ರಿಯಾದವರು!

ಇಲ್ಲಿ ಅವರು ನಿಲ್ಲಲಿಲ್ಲ ಅನ್ನುವುದೇ ಮುಖ್ಯ. ಪ್ರತ್ಯೇಕಿಸಿದ ಮೈಟೋಕಾಂಡ್ರಿಯಾದಲ್ಲಿ ಯಾವ ಪ್ರೋಟೀನ್‌ಗಳಿವೆ ಅನ್ನುವ ಬೇರೆ ಮಾಹಿತಿಯಲ್ಲಿ ನೋಡಿದರು, ಅಲ್ಲೂ ಇದರ ಗುರುತು ಸಿಕ್ಕಿತು. ಯೀಸ್ಟ್‌ನಲ್ಲಿ ಇದನ್ನು ಹೋಲುವ ಜೀನ್ ಒಂದು ಅದೇ ಕಿಣ್ವದ ಭಾಗವೊಂದನ್ನು ತಯಾರಿಸಲು ಬೇಕು ಅಂತ ಮೊದಲೇ ಗೊತ್ತಿತ್ತು. ಕೊನೆಗೆ ರೋಗಿಗಳ ಜೀನ್ ಓದಿದರು. ಪ್ರೋಟೀನಿನ 354ನೇ ಜಾಗದಲ್ಲಿ ಅಲನೀನ್ ಇರಬೇಕಾದಲ್ಲಿ ವ್ಯಾಲೀನ್ ಕೂತಿತ್ತು. ಬಹುತೇಕ ಎಲ್ಲ ಮಕ್ಕಳಲ್ಲೂ ಎರಡೂ ಪ್ರತಿಗಳಲ್ಲಿ ಅದೇ ಒಂದಕ್ಷರದ ತಪ್ಪು. ಇಡೀ ಸಂಗತಿ 2003ರ ಜನವರಿಯಲ್ಲಿ ಪ್ರಕಟವಾಯಿತು.

ಜೀನ್ ಸಿಕ್ಕಿದರೆ ಕಾಯಿಲೆ ವಾಸಿಯಾಯಿತು ಅಂತಲ್ಲ. ಆದರೆ ಯಾರ ಬಳಿ ದೋಷದ ಪ್ರತಿ ಇದೆ ಅಂತ ರಕ್ತ ಪರೀಕ್ಷೆಯಿಂದ ಹೇಳಬಹುದಾಯಿತು. 2010ರಲ್ಲಿ ಆ ಸೀಮೆಯಲ್ಲಿ ಮಕ್ಕಳು ಬೇಕೆನ್ನುವ ದಂಪತಿಗಳಿಗೆ ನಾಲ್ಕು ಆನುವಂಶಿಕ ಕಾಯಿಲೆಗಳ ಪರೀಕ್ಷೆ ಪ್ರಾಯೋಗಿಕವಾಗಿ ಶುರುವಾಯಿತು. ಆ ನಾಲ್ಕರಲ್ಲಿ ಇದೂ ಒಂದು. ಮಗುವನ್ನು ಕಳೆದುಕೊಂಡ ಮೇಲೆ ತಿಳಿಯುವುದಕ್ಕೂ ಮೊದಲೇ ತಿಳಿಯುವುದಕ್ಕೂ ಇರುವ ವ್ಯತ್ಯಾಸ ಆ ಅಪ್ಪ ಅಮ್ಮಂದಿರಿಗೇ ಗೊತ್ತು.

* * *

ಬೇರೆಯವರು ಬೇರೆ ಕಾರಣಕ್ಕೆ ಮಾಡಿದ ಅಳತೆಗಳು ಇಲ್ಲಿ ಕೆಲಸಕ್ಕೆ ಬಂದವು ಅಂದೆನಲ್ಲ, ಅದರ ಹಿಂದೆಯೂ ಒಂದು ಇತಿಹಾಸ ಇದೆ. 2000ದಲ್ಲಿ ಅಮೆರಿಕದ ಸರ್ಕಾರಿ ಸಂಸ್ಥೆ ಎನ್‌ಸಿಬಿಐ 'ಜೀನ್ ಎಕ್ಸ್‌ಪ್ರೆಷನ್ ಆಮ್ನಿಬಸ್' ಅನ್ನುವ ಭಂಡಾರ ತೆರೆಯಿತು. ಚಿಕ್ಕದಾಗಿ ಜಿಯೋ (ಸಿಮ್ ಕಾರ್ಡಿನ ಜಿಯೋ ಅಲ್ಲ :)). ಪ್ರಬಂಧ ಪ್ರಕಟಿಸಬೇಕಾದರೆ ಮೂಲ ಡೇಟಾ ಇಂಥ ಕಡೆ ಹಾಕಲೇಬೇಕು ಅಂತ ದೊಡ್ಡ ಪತ್ರಿಕೆಗಳು ಮುಂದೆ ನಿಯಮ ತಂದವು. ಹೀಗಾಗಿ ಲ್ಯಾಬ್ ಇಲ್ಲದವನೂ ಪ್ರಪಂಚದ ಚೀಟಿಗಳನ್ನು ಓದಬಹುದಾಯಿತು.

ಅತುಲ್ ಬುಟ್ಟೆ ಅನ್ನುವವರು ಈ ಮಾತನ್ನು ಊರೆಲ್ಲ ಸಾರಿದವರು. ಭಾರತೀಯ ಮೂಲದ ಅಮೆರಿಕನ್. ಕಂಪ್ಯೂಟರ್ ಸೈನ್ಸ್ ಓದಿ, ಆಪಲ್ ಮತ್ತು ಮೈಕ್ರೋಸಾಫ್ಟ್‌ಗಳಲ್ಲಿ ಕೋಡ್ ಬರೆದು, ಆಮೇಲೆ ಮಕ್ಕಳ ವೈದ್ಯರಾದರು. 2000ದಲ್ಲೇ ಐಸಾಕ್ ಕೊಹಾನೆ ಜೊತೆ ಸೇರಿ ಜೀನ್‌ಗಳ ಸಂಬಂಧವನ್ನು ಬರೀ ಗುಂಪಾಗಿ ಅಲ್ಲ, ಗೆರೆ ಎಳೆದ ಜಾಲವಾಗಿ ತೋರಿಸಿದ ಮೊದಮೊದಲಿಗರಲ್ಲಿ ಒಬ್ಬರು. ಸಾರ್ವಜನಿಕ ಡೇಟಾದಲ್ಲೇ ಹೊಸ ಔಷಧಿ, ಹೊಸ ಜೀನ್ ಅಡಗಿದೆ ಅಂತ ಜೀವನಪೂರ್ತಿ ಹೇಳಿದರು. 2025ರ ಜೂನ್‌ನಲ್ಲಿ ತೀರಿಕೊಂಡರು.

2003ರಲ್ಲಿ ಸ್ಟ್ಯಾನ್‌ಫರ್ಡ್‌ನ ಸ್ಟುವರ್ಟ್ ಕಿಮ್, ಡ್ಯಾಫ್ನಿ ಕೊಲರ್ (ಹೌದು, ಮುಂದೆ ಕೋರ್ಸೆರಾ ಕಟ್ಟಿದ ಅದೇ ಕೊಲರ್) ಮತ್ತು ಸಂಗಡಿಗರು ಇನ್ನೊಂದು ಕೆಲಸ ಮಾಡಿದರು. ಮನುಷ್ಯ, ಹಣ್ಣಿನ ನೊಣ, ಹುಳ, ಯೀಸ್ಟ್ ಈ ನಾಲ್ಕರ ಒಟ್ಟು 3,182 ಮೈಕ್ರೋಅರೇಗಳನ್ನು ಒಟ್ಟಿಗೆ ಹಾಕಿ, ಎಲ್ಲ ಕಡೆಯೂ ಉಳಿದುಕೊಂಡಿರುವ ಜೋಡಿಗಳನ್ನು ಹುಡುಕಿದರು. ಕೋಟ್ಯಂತರ ವರ್ಷ ಬೇರೆಬೇರೆ ದಾರಿ ಹಿಡಿದ ಜೀವಿಗಳಲ್ಲೂ ಎರಡು ಜೀನ್‌ಗಳು ಒಟ್ಟಿಗೇ ಏರಿ ಇಳಿಯುತ್ತವೆ ಅಂದರೆ ಅದು ಕಾಕತಾಳೀಯ ಇರಲಿಕ್ಕಿಲ್ಲ ಅಲ್ಲವಾ?

ಆದರೆ ಜಾಲ ಕಟ್ಟುವುದರಲ್ಲಿ ಒಂದು ತಲೆನೋವಿತ್ತು. 20,000 ಜೀನ್‌ಗಳೆಂದರೆ ಸುಮಾರು 20 ಕೋಟಿ ಜೋಡಿಗಳು. ಎಷ್ಟು ಕೋರಿಲೇಷನ್ ಇದ್ದರೆ ಗೆರೆ ಎಳೆಯಬೇಕು? 0.8 ಅಂತ ಗಡಿ ಹಾಕಿದರೆ 0.79 ಇದ್ದವರು ಏನು ಪಾಪ ಮಾಡಿದ್ದರು? ಲಾಸ್ ಏಂಜಲೀಸ್‌ನ ಯುಸಿಎಲ್‌ಎಯಲ್ಲಿದ್ದ ಸ್ಟೀವ್ ಹೊರ್ವಾತ್ ಮತ್ತು ಬಿನ್ ಜಾಂಗ್ 2005ರಲ್ಲಿ ಇದಕ್ಕೊಂದು ಪರಿಹಾರ ಕೊಟ್ಟರು. ಗಡಿಯೇ ಬೇಡ, ಕೋರಿಲೇಷನ್ನನ್ನು ಒಂದು ಘಾತಕ್ಕೆ ಏರಿಸಿ ಅಂದರು. ಉದಾಹರಣೆಗೆ ಆರನೇ ಘಾತಕ್ಕೆ ಏರಿಸಿದರೆ 0.9 ಇದ್ದದ್ದು 0.53 ಆಗಿ ಉಳಿಯುತ್ತೆ, 0.5 ಇದ್ದದ್ದು 0.016 ಆಗಿ ಹೆಚ್ಚುಕಡಿಮೆ ಮಾಯವಾಗುತ್ತೆ. ಗಟ್ಟಿ ಸ್ನೇಹ ಉಳಿಯುತ್ತೆ, ಹಾಯ್ ಬಾಯ್ ಸ್ನೇಹ ಕರಗುತ್ತೆ.

ಇನ್ನೊಂದು ಉಪಾಯ, ಎರಡು ಜೀನ್‌ಗಳ ನೇರ ಸ್ನೇಹದ ಜೊತೆಗೆ ಅವುಗಳ ಸಮಾನ ಸ್ನೇಹಿತರನ್ನೂ ಎಣಿಸುವುದು. ಫೇಸ್‌ಬುಕ್ 'ಮ್ಯೂಚುವಲ್ ಫ್ರೆಂಡ್ಸ್' ತೋರಿಸುತ್ತಲ್ಲ, ಹಾಗೆ. ಇದರಿಂದ ಇಡೀ ಜಾಲ ಕೆಲವು ಗುಂಪುಗಳಾಗಿ ಒಡೆಯುತ್ತೆ. ಅವಕ್ಕೆ 'ಮಾಡ್ಯೂಲ್' ಅನ್ನುತ್ತಾರೆ. ಗುಂಪಿನ ನಡುಮಧ್ಯೆ ಕೂತು ಎಲ್ಲರ ಜೊತೆ ಸಂಬಂಧ ಇಟ್ಟುಕೊಂಡ ಜೀನ್‌ಗೆ 'ಹಬ್'. 20,000 ಜೀನ್‌ಗಳನ್ನು ಒಂದೊಂದಾಗಿ ಕಾಯಿಲೆಗೆ ಹೋಲಿಸುವ ಬದಲು ಹತ್ತಿಪ್ಪತ್ತು ಮಾಡ್ಯೂಲ್‌ಗಳನ್ನು ಹೋಲಿಸಿದರೆ ಸಾಕಾಯಿತು. 2008ರಲ್ಲಿ ಪೀಟರ್ ಲ್ಯಾಂಗ್‌ಫೆಲ್ಡರ್ ಮತ್ತು ಹೊರ್ವಾತ್ ಇದನ್ನು ಆರ್ ಭಾಷೆಯಲ್ಲಿ 'ಡಬ್ಲ್ಯೂಜಿಸಿಎನ್‌ಎ' ಅನ್ನುವ ಉಚಿತ ಪ್ಯಾಕೇಜ್ ಮಾಡಿ ಬಿಟ್ಟರು. ಆಮೇಲೆ ಕೇಳಬೇಕಾ, ಭತ್ತದಿಂದ ಹಿಡಿದು ಹೃದ್ರೋಗದವರೆಗೆ ಎಲ್ಲರೂ ಅದನ್ನೇ ಓಡಿಸಿದರು.

ಅದರ ಮೊದಲ ಫಲಗಳಲ್ಲೊಂದು 2006ರದ್ದು. ಗ್ಲಿಯೋಬ್ಲಾಸ್ಟೋಮಾ ಅನ್ನುವ ಮಾರಕ ಮೆದುಳಿನ ಗಡ್ಡೆಗಳಲ್ಲಿ ಕೋಶ ವಿಭಜನೆಯ ಮಾಡ್ಯೂಲ್ ಒಂದು ಸಿಕ್ಕಿತು. ಅದರ ಹಬ್‌ಗಳಲ್ಲಿ ಎಎಸ್‌ಪಿಎಂ ಅನ್ನುವ ಜೀನ್ ಇತ್ತು. ಈ ಜೀನ್ ಕೆಟ್ಟರೆ ಮಗುವಿನ ಮೆದುಳು ಚಿಕ್ಕದಾಗಿ ಹುಟ್ಟುತ್ತದೆ ಅಂತ 2002ರಲ್ಲೇ ಗೊತ್ತಾಗಿತ್ತು. ಮೆದುಳು ಬೆಳೆಸುವ ಜೀನ್ ಗಡ್ಡೆಯನ್ನೂ ಬೆಳೆಸುತ್ತಿರಬಹುದೇ? ಲ್ಯಾಬ್‌ನಲ್ಲಿ ಅದನ್ನು ಅಡಗಿಸಿದಾಗ ಗಡ್ಡೆಯ ಕೋಶಗಳ ಬೆಳವಣಿಗೆ ಕಡಿಮೆಯಾಯಿತು.

* * *

ಈಗ ಅಂಗಡಿ ಚೀಟಿಗೆ ವಾಪಸ್ ಬರೋಣ. ಗಣೇಶನ ಹಬ್ಬದ ಹಿಂದಿನ ದಿನ ಎಲ್ಲರ ಚೀಟಿಯೂ ಉದ್ದ. ಬೆಲ್ಲವೂ ಜಾಸ್ತಿ, ಊದುಬತ್ತಿಯೂ ಜಾಸ್ತಿ. ಹಾಗಂತ ಕಡುಬಿಗೆ ಊದುಬತ್ತಿ ಹಾಕುತ್ತಾರೆ ಅಂದುಕೊಂಡರೆ? ಕೋ-ಎಕ್ಸ್‌ಪ್ರೆಷನ್ನಿನ ದೊಡ್ಡ ಅಪಾಯ ಇದೇ. ಎರಡು ಜೀನ್ ಒಟ್ಟಿಗೆ ಏರಿದ್ದು ಒಂದೇ ಕೆಲಸಕ್ಕೋ, ಹಬ್ಬಕ್ಕೋ ಅಂತ ಚೀಟಿ ಹೇಳುವುದಿಲ್ಲ.

2007ರಲ್ಲಿ ಒಂದು ಹೆಸರಾಂತ ಪತ್ರಿಕೆಯಲ್ಲಿ, ಯುರೋಪಿಯನ್ ಮೂಲದವರಿಗೂ ಏಷ್ಯಾದವರಿಗೂ ಸುಮಾರು ಕಾಲು ಭಾಗ ಜೀನ್‌ಗಳ ಎಕ್ಸ್‌ಪ್ರೆಷನ್ ಬೇರೆ ಅಂತ ಪ್ರಕಟವಾಯಿತು. ದೊಡ್ಡ ಸುದ್ದಿಯೇ. ಆದರೆ ಅದೇ ವರ್ಷ ಬೇರೆಯವರು ಡೇಟಾ ತೆಗೆದು ನೋಡಿದಾಗ, ಯುರೋಪಿಯನ್ನರ ಸ್ಯಾಂಪಲ್‌ಗಳನ್ನು ಬಹುಪಾಲು ಒಂದೆರಡು ವರ್ಷಗಳಲ್ಲಿ ಅಳೆದಿದ್ದರು, ಏಷ್ಯನ್ನರದನ್ನು ಅದರ ನಂತರದ ವರ್ಷಗಳಲ್ಲಿ. ಕಂಡ ವ್ಯತ್ಯಾಸದಲ್ಲಿ ಎಷ್ಟು ಜನಾಂಗದ್ದು, ಎಷ್ಟು ಅಳತೆಯ ದಿನಾಂಕದ್ದು ಅಂತ ಬೇರ್ಪಡಿಸಲು ಬರುವಂತೆಯೇ ಇರಲಿಲ್ಲ. ಇದಕ್ಕೆ 'ಬ್ಯಾಚ್ ಎಫೆಕ್ಟ್' ಅನ್ನುತ್ತಾರೆ. ಡೇಟಾ ಬಹಿರಂಗವಾಗಿ ಇದ್ದದ್ದಕ್ಕೇ ಇದು ಗೊತ್ತಾಗಿದ್ದು ಅನ್ನುವುದನ್ನೂ ಗಮನಿಸಿ. 2012ರಲ್ಲಿ ಜೆಸ್ಸಿ ಗಿಲ್ಲಿಸ್ ಮತ್ತು ಪಾಲ್ ಪಾವ್ಲಿಡಿಸ್ ಇನ್ನೂ ಖಾರವಾಗಿ, ಜೀನ್ ಜಾಲಗಳಲ್ಲಿ ಈ ಸಹವಾಸದ ತರ್ಕ ನಿಯಮವಲ್ಲ, ಅಪವಾದ ಅಂತಲೇ ವಾದಿಸಿದರು.

ಇನ್ನೊಂದು ಸಮಸ್ಯೆ ಕಾರಣ ಯಾವುದು, ಪರಿಣಾಮ ಯಾವುದು ಅನ್ನುವುದು. ಬೆಂಕಿ ಬಿದ್ದ ಮನೆ ಮುಂದೆ ಯಾವಾಗಲೂ ಅಗ್ನಿಶಾಮಕ ದಳದವರು ಇರುತ್ತಾರೆ, ಹಾಗಂತ ಬೆಂಕಿ ಹಚ್ಚಿದ್ದು ಅವರಲ್ಲ. ಇದನ್ನು ಚೆನ್ನಾಗಿ ನಿಭಾಯಿಸಿದ್ದು 2011ರಲ್ಲಿ 'ನೇಚರ್'ನಲ್ಲಿ ಬಂದ ಆಟಿಸಂ ಅಧ್ಯಯನ. ಐರೀನಾ ವಾಯ್ನಾಗು, ಡೇನಿಯಲ್ ಗೆಶ್‌ವಿಂಡ್ ಮತ್ತು ಸಂಗಡಿಗರು ತೀರಿಕೊಂಡ ಮೇಲೆ ದಾನವಾಗಿ ಬಂದ ಮೆದುಳುಗಳನ್ನು ನೋಡಿದರು. ಆಟಿಸಂ ಇದ್ದವರು 19, ಇಲ್ಲದವರು 17. ಆಟಿಸಂ ಮೆದುಳುಗಳಲ್ಲಿ ಎರಡು ಮಾಡ್ಯೂಲ್‌ಗಳು ಎದ್ದು ಕಂಡವು. ಒಂದು ನರಕೋಶಗಳ ಸಂಪರ್ಕಕ್ಕೆ ಸಂಬಂಧಿಸಿದ್ದು, ಅದು ಇಳಿದಿತ್ತು. ಇನ್ನೊಂದು ರೋಗನಿರೋಧಕ ಕೆಲಸಕ್ಕೆ ಸಂಬಂಧಿಸಿದ್ದು, ಅದು ಏರಿತ್ತು. ಯಾವುದು ಮೂಲ? ಅವರು ಇದನ್ನು ಡಿಎನ್‌ಎ ಅಧ್ಯಯನಗಳ ಜೊತೆ ಹೋಲಿಸಿದರು. ಆಟಿಸಂ ಜೊತೆ ಆನುವಂಶಿಕ ಸಂಬಂಧ ಕಂಡ ಜೀನ್‌ಗಳು ಮೊದಲನೇ ಮಾಡ್ಯೂಲ್‌ನಲ್ಲಿ ಹೆಚ್ಚಾಗಿದ್ದವು, ಎರಡನೆಯದರಲ್ಲಿ ಇರಲಿಲ್ಲ. ಅಂದರೆ ಎರಡನೆಯದು ಬಹುಶಃ ಆಮೇಲೆ ಬಂದ ಪ್ರತಿಕ್ರಿಯೆ. ಡಿಎನ್‌ಎ ಹುಟ್ಟಿನಿಂದ ಬಂದದ್ದು, ಕಾಯಿಲೆಯಿಂದ ಬದಲಾಗುವಂಥದ್ದಲ್ಲ. ಹಾಗಾಗಿ ಅದರ ಸಾಕ್ಷಿಗೆ ತೂಕ ಜಾಸ್ತಿ.

ಅಲ್‌ಝೈಮರ್ ಕಥೆಯನ್ನೂ ಹೇಳಿಬಿಡುತ್ತೇನೆ. 2013ರಲ್ಲಿ ಮೇಲೆ ಹೇಳಿದ ಅದೇ ಬಿನ್ ಜಾಂಗ್ ಮತ್ತು ದೊಡ್ಡದೊಂದು ತಂಡ 549 ಜನರ ಮೆದುಳಿನ 1,647 ಸ್ಯಾಂಪಲ್‌ಗಳಿಂದ ಜಾಲ ಕಟ್ಟಿತು. ಮೆದುಳಿನ ಕಾವಲುಗಾರ ಕೋಶಗಳ ಮಾಡ್ಯೂಲ್ ಒಂದು ಮುಂದೆ ಬಂತು, ಅದರ ಕೀಲಿ ಸ್ಥಾನದಲ್ಲಿ ಟೈರೋಬಿಪಿ ಅನ್ನುವ ಜೀನ್. ಇದರ ಜೊತೆಗಾರ ಟ್ರೆಮ್2. ಆ ಜೀನ್‌ನಲ್ಲಿ ಒಂದು ಬದಲಾವಣೆ ಇದ್ದವರಿಗೆ ಅಲ್‌ಝೈಮರ್ ಅಪಾಯ ಹೆಚ್ಚು ಅಂತ 2012ರ ಕೊನೆಯಲ್ಲಿ ಡಿಎನ್‌ಎ ಅಧ್ಯಯನಗಳಿಂದ ಬೇರೆಯಾಗಿಯೇ ಗೊತ್ತಾಗಿತ್ತು. ಎರಡು ದಾರಿ, ಒಂದೇ ಊರು. ಇನ್ನೇನು ಔಷಧಿ ಸಿಕ್ಕಿತು ಅಂತ ಅನ್ನಿಸುತ್ತೆ ಅಲ್ಲವಾ? ಟ್ರೆಮ್2ವನ್ನು ಚುರುಕುಗೊಳಿಸುವ ಪ್ರತಿಕಾಯ ಔಷಧಿಯೊಂದನ್ನು ರೋಗಿಗಳಲ್ಲಿ ಪರೀಕ್ಷಿಸಿದರು. ಅದು ಕಾಯಿಲೆಯನ್ನು ನಿಧಾನ ಮಾಡಲಿಲ್ಲ ಅಂತ 2024ರ ನವೆಂಬರ್‌ನಲ್ಲಿ ಪ್ರಕಟವಾಯಿತು. ಸರಿಯಾದ ಜೀನ್ ಗೊತ್ತಿದ್ದರೂ, ಅದನ್ನು ಯಾವಾಗ, ಯಾವ ಕಡೆಗೆ, ಎಷ್ಟು ತಿರುಗಿಸಬೇಕು ಅನ್ನುವುದು ಬೇರೆಯೇ ಪ್ರಶ್ನೆ.

ಕ್ವಿಬೆಕ್‌ನಲ್ಲಿ ಗೆದ್ದಿದ್ದು ಯಾಕೆ ಅಂತ ಈಗ ಹಿಂದಿರುಗಿ ನೋಡಿದರೆ ಗೊತ್ತಾಗುತ್ತೆ. ಅಲ್ಲಿ ಸಹವಾಸ ಒಂದೇ ಸಾಕ್ಷಿಯಾಗಿರಲಿಲ್ಲ. ಬೀದಿ ಯಾವುದು ಅಂತ ಕುಟುಂಬಗಳ ಡಿಎನ್‌ಎ ಹೇಳಿತ್ತು, ಯಾರ ಮನೆ ಬಾಗಿಲು ಮೊದಲು ತಟ್ಟಬೇಕು ಅಂತ ಸಹವಾಸ ಹೇಳಿತು, ತೀರ್ಪು ಕೊಟ್ಟಿದ್ದು ಮಕ್ಕಳ ಜೀನ್‌ನಲ್ಲಿ ಸಿಕ್ಕ ಆ ಒಂದಕ್ಷರ. ನನಗೆ ಅರ್ಥವಾದ ಹಾಗೆ ಈ ವಿಧಾನದ ಯೋಗ್ಯತೆ ಅಷ್ಟೇ, ಮತ್ತು ಅಷ್ಟು ಕಡಿಮೆಯೇನಲ್ಲ. ನಮ್ಮ ಕೆಲಸದಲ್ಲೂ ಸರ್ವರ್ ಬಿದ್ದಾಗ ಯಾವ ಯಾವ ಗ್ರಾಫ್ ಒಟ್ಟಿಗೆ ಏರಿದೆ ಅಂತಲೇ ಮೊದಲು ನೋಡುತ್ತೀವಿ. ಆದರೆ ಗ್ರಾಫ್ ನೋಡಿ ಕೋಡ್ ತಿದ್ದುವುದಿಲ್ಲ, ಲಾಗ್ ತೆಗೆದು ಓದಿಯೇ ತಿದ್ದುತ್ತೀವಿ.

* * *

ಇದರಲ್ಲಿ ನಮ್ಮ ಬೆಂಗಳೂರಿನ ಪಾಲೂ ಇದೆ. 2003ರಲ್ಲಿ ವೈಟ್‌ಫೀಲ್ಡ್‌ನ ಐಟಿಪಿಎಲ್‌ನಲ್ಲಿರುವ ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್ಫರ್ಮ್ಯಾಟಿಕ್ಸ್ ಮತ್ತು ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ಸೇರಿ ಮನುಷ್ಯರ ಪ್ರೋಟೀನ್‌ಗಳ ದೊಡ್ಡ ಡೇಟಾಬೇಸ್ ಹೊರತಂದವು. ಯಾವ ಪ್ರೋಟೀನ್ ಯಾವುದರ ಜೊತೆ ನಿಜಕ್ಕೂ ಕೈ ಜೋಡಿಸುತ್ತೆ ಅಂತ ಇಲ್ಲಿನ ಹುಡುಗ ಹುಡುಗಿಯರು ಸಾವಿರಾರು ಪ್ರಬಂಧಗಳನ್ನು ಕೂತು ಓದಿ ಕೈಯಾರೆ ತುಂಬಿಸಿದ ಪಟ್ಟಿ ಅದು. ಕೋ-ಎಕ್ಸ್‌ಪ್ರೆಷನ್ ಸಂಶಯಗಳನ್ನು ಬೇರೆ ಸಾಕ್ಷಿ ಜೊತೆ ತಾಳೆ ನೋಡುವವರಿಗೆ ಇಂಥ ಪಟ್ಟಿಗಳೇ ಆಧಾರ.

ನಿಮ್ಹಾನ್ಸ್‌ನಲ್ಲಿ 1995ರಿಂದ ಮೆದುಳಿನ ಬ್ಯಾಂಕ್ ಇದೆ. ಅಲ್ಲಿನ ಮೆದುಳಿನ ಮ್ಯೂಸಿಯಂಗೆ ನಿಮ್ಮಲ್ಲಿ ಕೆಲವರು ಹೋಗಿರಬಹುದು. ಮೇಲೆ ಹೇಳಿದ ಆಟಿಸಂ, ಅಲ್‌ಝೈಮರ್ ಅಧ್ಯಯನಗಳೆಲ್ಲ ಆಗಿದ್ದು ಯಾರೋ ಒಪ್ಪಿ ಕೊಟ್ಟ ಮೆದುಳುಗಳಿಂದ. ತಮ್ಮವರನ್ನು ಕಳೆದುಕೊಂಡ ಗಳಿಗೆಯಲ್ಲಿ ಮನೆಯವರು 'ಸರಿ' ಅಂದದ್ದರಿಂದ. ಐಐಎಸ್‌ಸಿಯ ಸೆಂಟರ್ ಫಾರ್ ಬ್ರೈನ್ ರಿಸರ್ಚ್ ಮುಂದಾಳತ್ವದ ಜೀನೋಮ್ ಇಂಡಿಯಾ ಯೋಜನೆಯ ಸುಮಾರು 10,000 ಭಾರತೀಯರ ಡಿಎನ್‌ಎ ಮಾಹಿತಿ 2025ರ ಜನವರಿಯಲ್ಲಿ ಸಂಶೋಧಕರಿಗೆ ತೆರೆಯಿತು. ಒಳ್ಳೆಯ ಸುದ್ದಿ. ಆದರೆ ಅದು ಡಿಎನ್‌ಎ. ಅಂಗಾಂಶಗಳ ಎಕ್ಸ್‌ಪ್ರೆಷನ್ ವಿಷಯಕ್ಕೆ ಬಂದರೆ, ಪ್ರಪಂಚವೆಲ್ಲ ಬಳಸುವ ಅಮೆರಿಕದ ಜಿಟೆಕ್ಸ್ ಭಂಡಾರದಲ್ಲಿ ನೂರಕ್ಕೆ ಸುಮಾರು 85 ದಾನಿಗಳು ಬಿಳಿಯರು. ಅವರ ಚೀಟಿಗಳನ್ನು ಓದಿ ನಮ್ಮ ಅಡುಗೆಮನೆ ಅರ್ಥ ಮಾಡಿಕೊಳ್ಳಬೇಕಾದ ಸ್ಥಿತಿ. ನಮ್ಮಲ್ಲೂ ಒಳಗೊಳಗೇ ಮದುವೆಯಾಗುವ ಎಷ್ಟೋ ಸಮುದಾಯಗಳಿವೆ, ಸೋದರಮಾವನನ್ನೋ ಅತ್ತೆ ಮಗನನ್ನೋ ಮದುವೆಯಾಗುವ ಪದ್ಧತಿ ನಮ್ಮ ಕಡೆ ಇದೆ. ಸಾಗುನೇ ಸೀಮೆಯ ಥರದ ಕಥೆಗಳು ಇಲ್ಲಿ ಒಂದಲ್ಲ, ಹಲವು ಇರಬಹುದು. ಅವನ್ನು ಹುಡುಕಲು ನಮ್ಮದೇ ಚೀಟಿಗಳು ಬೇಕು.

ಬಯಾಲಜಿ, ಮೆಡಿಕಲ್ ಓದಿದ ಬ್ಲಾಗಿಗರು ಇದ್ದರೆ ಬಿಟ್ಟುಹೋದದ್ದನ್ನು ಕಾಮೆಂಟಿನಲ್ಲಿ ಸೇರಿಸಿ. ಉಳಿದವರಿಗೆ ಒಂದು ಪ್ರಶ್ನೆ: ನಿಮ್ಮ ಮನೆಯವರ ಅಂಗಾಂಶವನ್ನೋ ಮೆದುಳನ್ನೋ ಸಂಶೋಧನೆಗೆ ಕೊಡಿ ಅಂತ ಯಾರಾದರೂ ಕೇಳಿದರೆ ನೀವು ಏನು ಹೇಳುತ್ತೀರಿ? ನಮ್ಮ ಮನೆಯಲ್ಲಿ ಈ ಮಾತು ಎತ್ತಿದಾಗ ಅಮ್ಮ ಮೊದಲು ಬೈದರು, ಆಮೇಲೆ "ಯಾವ ಫಾರಂ ತುಂಬಬೇಕಂತೆ?" ಅಂತ ಕೇಳಿದರು.